ಆರಿಂಚಿನ ಬಾಯಿ

ಫ್ಲೋರಿಡಾದ ಟ್ಯಾಂಪಾದಲ್ಲಿರುವ ಇಂಡಿಯನ್ ಅಂಗಡಿಗೆ ಹೋಗುವಾಗ ನನ್ನ ಕೈಯಲ್ಲೊಂದು ರಟ್ಟಿನ ಬಳೆ ಇರುತ್ತದೆ. ಒಳಗಿನ ಅಗಲ ಸರಿಯಾಗಿ 6 ಇಂಚು. ಡಬ್ಬಿ, ಪೊಟ್ಟಣ, ಬಾಟಲಿ, ಏನೇ ಎತ್ತಿಕೊಂಡರೂ ಅದರೊಳಗೆ ತೂರಿಸಿ ನೋಡುತ್ತೇನೆ. ತೂರಿದರೆ ಬುಟ್ಟಿಗೆ, ಇಲ್ಲದಿದ್ದರೆ ವಾಪಸ್ ಶೆಲ್ಫಿಗೆ. ಆಗೆಲ್ಲ ನನ್ನ ಹೆಂಡತಿ ಪಕ್ಕದ ಸಾಲಿನಲ್ಲಿ ಬೇರೆ ಯಾರದೋ ಹೆಂಡತಿಯ ಹಾಗೆ ಓಡಾಡುತ್ತಿರುತ್ತಾಳೆ.

ಇದಕ್ಕೆಲ್ಲ ಕಾರಣ ಒಂದು ಹಳೇ ಹೋಬಿ 16. ಹೊನ್ನಾವರದ ಗೆಳೆಯನೊಬ್ಬನ ಜೊತೆ ಪಾಲಿನಲ್ಲಿ ಕೊಂಡ ಹಾಯಿದೋಣಿ. ಕ್ಯಾಲಿಫೋರ್ನಿಯಾದಲ್ಲಿ ಸರ್ಫ್ ಹಲಗೆ ಮಾಡುತ್ತಿದ್ದ ಹೋಬಿ ಆಲ್ಟರ್ ಅನ್ನುವವರು 1960ರ ದಶಕದ ಕೊನೆಗೆ ಶುರುಮಾಡಿದ ವಂಶದ್ದು. ಬಾಳೆಹಣ್ಣಿನ ಹಾಗೆ ಬಾಗಿದ ಎರಡು ಒಡಲು, ನಡುವೆ ನವಾರದ ಮಂಚದಂತೆ ಬಿಗಿದು ಕಟ್ಟಿದ ಬಟ್ಟೆ, ಮೇಲೊಂದು ಕಂಬ, ಎರಡು ಹಾಯಿ. ಉದ್ದ ಸುಮಾರು 5 ಮೀಟರ್, ತೂಕ 145 ಕಿಲೋ. ಅಷ್ಟೇ. ಕೋಣೆ ಇಲ್ಲ, ಮಾಡು ಇಲ್ಲ, ಒರಗಲು ಒಂದು ಗೋಡೆಯೂ ಇಲ್ಲ. ಈ ದೋಣಿಗೆ 'ಒಳಗೆ' ಅನ್ನುವುದೇ ಇಲ್ಲ.

ಇಂಥ ಜೋಡಿ ಒಡಲಿನ ದೋಣಿಗೆ ಕ್ಯಾಟಮರಾನ್ ಅನ್ನುತ್ತಾರೆ, ಆ ಹೆಸರಲ್ಲೇ ಇದು ಗೊತ್ತಾಗಬೇಕಿತ್ತು. ಕ್ಯಾಟಮರಾನ್ ಅಂದರೆ ತಮಿಳಿನ ಕಟ್ಟುಮರ. ಕನ್ನಡದವರಿಗೆ ನಿಘಂಟು ಬೇಡ, ಕಟ್ಟಿದ ಮರ. ದಿಮ್ಮಿಗಳನ್ನು ಹಗ್ಗದಿಂದ ಬಿಗಿದು, ಮೇಲೆ ಕೂತು, ಒದ್ದೆಯಾಗುತ್ತಾ ಮೀನಿಗೆ ಹೋಗುವುದು. ನಮ್ಮದೂ ಅದೇ. ಮೀನು ಮಾತ್ರ ಸಿಗಲ್ಲ.

ಒಡಲುಗಳು ಟೊಳ್ಳಾಗಿರುತ್ತವೆ ನಿಜ. ಅದರೊಳಗೆ ಜಾಗ ಬೇಕಾದಷ್ಟಿದೆ. ಆದರೆ ಬಾಗಿಲಿಲ್ಲ. ಹಿಂದಿನ ಮಾಲೀಕ ಯಾರೋ ಒಂದೊಂದು ಒಡಲಿಗೂ ದುಂಡಗೆ ತೂತು ಕೊರೆದು, ತಿರುಗಿಸಿ ಹಾಕುವ ಮುಚ್ಚಳ ಕೂರಿಸಿದ್ದಾನೆ. ಆರಿಂಚು. ನಮ್ಮ ಸಂಸಾರವೆಲ್ಲ ಆ ಬಾಯಿಯಲ್ಲೇ ಹೋಗಿ ಬರಬೇಕು.

ನಾವು ಹೋಗುವುದು ಚಳಿಗಾಲದಲ್ಲಿ, ಎವರ್‌ಗ್ಲೇಡ್ಸ್ ಸಿಟಿಯಿಂದ ಟೆನ್ ಥೌಸಂಡ್ ಐಲ್ಯಾಂಡ್ಸ್ ಕಡೆಗೆ. ಹತ್ತು ಸಾವಿರ ಅನ್ನುವುದು ಬಾಯಿಮಾತು, ಕೆಲವು ನೂರು ನಡುಗಡ್ಡೆ ಇರಬಹುದು. ಪೆವಿಲಿಯನ್ ಕೀ ಅನ್ನುವಂಥ ಕಡೆ ಮರಳಿನ ಮೇಲೆ ಟೆಂಟು ಹಾಕಿ ಮಲಗಲು ರಾಷ್ಟ್ರೀಯ ಉದ್ಯಾನದವರ ಪರವಾನಗಿ ಬೇಕು. ಬೇಸಿಗೆಯಲ್ಲಿ ಹೋದರೆ ಸೊಳ್ಳೆಗಳು ಪರವಾನಗಿ ಕೇಳದೆ ನಮ್ಮನ್ನೇ ತಿನ್ನುತ್ತವೆ.

ಟೆಂಟು, ಹೊದಿಕೆ ಎಲ್ಲ ಡ್ರೈ ಬ್ಯಾಗಿನಲ್ಲಿ, ಅಂದರೆ ನೀರು ನುಗ್ಗದ ಚೀಲದಲ್ಲಿ. ಗಾಳಿ ಹಿಂಡಿ, ಬಾಯಿಯನ್ನು ಮೂರು ಸುತ್ತು ಸುತ್ತಿ, ಕೊಂಡಿ ಹಾಕಿ, ಆಮೇಲೆ ಹಗ್ಗದಿಂದ ಕಟ್ಟಬೇಕು. ಕಟ್ಟದೇ ಇಟ್ಟದ್ದು ದೋಣಿ ಮಗುಚಿದ ದಿನ ಸಮುದ್ರದ್ದು. ನನ್ನದೊಂದು ಒಳ್ಳೆ ಚಪ್ಪಲಿ ಹಾಗೆ ಮೆಕ್ಸಿಕೋ ಕಡೆ ಹೊರಟುಹೋಗಿದೆ. ಭಾರವನ್ನು ಆದಷ್ಟು ಹಿಂದಕ್ಕೆ ಕಟ್ಟಬೇಕು. ಈ ದೋಣಿಯ ಮೂತಿ ತೆಳ್ಳಗೆ, ಗಾಳಿ ಜಾಸ್ತಿಯಾದರೆ ಅದು ನೀರಲ್ಲಿ ಹೂತುಕೊಂಡು ಇಡೀ ದೋಣಿ ಲಾಗ ಹಾಕುತ್ತದೆ.

ಎಲ್ಲಕ್ಕಿಂತ ದೊಡ್ಡ ಭಾರ ಕುಡಿಯುವ ನೀರು. ಆ ನಡುಗಡ್ಡೆಗಳಲ್ಲಿ ಒಂದು ತೊಟ್ಟು ಸಿಹಿನೀರಿಲ್ಲ. ಒಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್, ಅಂದರೆ ಸುಮಾರು 3.8 ಲೀಟರ್ ಲೆಕ್ಕ. ಇಬ್ಬರಿಗೆ ಮೂರು ದಿನಕ್ಕೆ ಹತ್ತಿರ ಹತ್ತಿರ 23 ಕಿಲೋ. ಅದೂ ಗಟ್ಟಿ ಕ್ಯಾನಿನಲ್ಲೇ ಇರಬೇಕು, ಯಾಕಂದರೆ ಅಲ್ಲಿನ ರಕೂನ್‌ಗಳಿಗೂ ಬಾಯಾರಿಕೆ. ತೆಳು ಪ್ಲಾಸ್ಟಿಕ್ ಕ್ಯಾನುಗಳನ್ನು ರಾತ್ರಿ ಕಚ್ಚಿ ತೂತು ಮಾಡಿ ಕುಡಿದು ಹೋಗುತ್ತವೆ. ಮುಖಕ್ಕೆ ಕಳ್ಳರ ಹಾಗೆ ಕಪ್ಪು ಪಟ್ಟಿ ಬೇರೆ.

ಇನ್ನು ಊಟ. ಮೊದಲ ಸಲ ಕ್ಯಾಂಪಿಂಗ್ ಅಂಗಡಿಯ ಒಣ ಊಟದ ಪೊಟ್ಟಣಗಳನ್ನು ತಂದಿದ್ದೆವು. ಬಿಸಿನೀರು ಹಾಕಿ ಹತ್ತು ನಿಮಿಷ ಕಾದರೆ ರಟ್ಟಿನ ರುಚಿಯ ಏನೋ ಒಂದು ತಯಾರು. ಆಮೇಲೆ ದಾರಿಗೆ ಬಂದೆವು. ಗೊಜ್ಜವಲಕ್ಕಿ, ಹುರಿಹಿಟ್ಟು, ಬೆಲ್ಲ, ಶೇಂಗಾ ಚಟ್ನಿಪುಡಿ. ಪುಟ್ಟ ಕಾಫಿ ಫಿಲ್ಟರ್ ಬಳೆಯಲ್ಲಿ ಸಲೀಸಾಗಿ ತೂರಿತು, ಕೈಯೆತ್ತಿ ಮುಗಿದೆ. ಸೋತದ್ದು ಖಡಕ್ ರೊಟ್ಟಿಯಲ್ಲಿ. ಗೆಳೆಯನ ಅತ್ತೆ ಹುಬ್ಬಳ್ಳಿಯಿಂದ ಕಳಿಸಿದ್ದು, ಒಂದೊಂದೂ ಊಟದ ತಟ್ಟೆಯಷ್ಟು ಅಗಲ. ರೊಟ್ಟಿ ತಟ್ಟುವವರು ದೋಣಿಯ ಬಾಯಿ ಅಳೆದು ತಟ್ಟುತ್ತಾರಾ? ದಂಡೆಯಲ್ಲಿ ಕೂತು ಒಂದೊಂದನ್ನೇ ಮುರಿದು ತುಂಬಿದೆವು. "ನಮ್ಮತ್ತೆಗೆ ಮಾತ್ರ ಹೇಳಬೇಡ ಮಾರಾಯ" ಅಂದ.

ಹೋದ ಜನವರಿಯಲ್ಲಿ ಹೊರಟು ಒಂದು ಗಂಟೆಯಾಗಿರಬೇಕು. ಗಾಳಿ ಚೆನ್ನಾಗಿತ್ತು, ದೋಣಿ ಮಾತ್ರ ಬಸುರಿ ಎಮ್ಮೆಯ ಹಾಗೆ ತೆವಳುತ್ತಿತ್ತು. ಎಡಗಡೆ ಯಾಕೋ ತಗ್ಗಾಗಿದೆ ಅಲ್ವಾ ಅಂದೆ. ಗೆಳೆಯ ಹಿಂದಕ್ಕೆ ಬಗ್ಗಿ ನೋಡಿ, ನನ್ನ ಮುಖ ನೋಡಿದ.

"ಬಿರಡೆ ಹಾಕಿದ್ಯಾ?"

ಒಡಲಿನ ಹಿಂತುದಿಯಲ್ಲಿ ನೀರು ಬಸಿಯಲು ಹೆಬ್ಬೆರಳು ಗಾತ್ರದ ತೂತಿರುತ್ತದೆ, ಅದಕ್ಕೊಂದು ಬಿರಡೆ. ಬಲಗಡೆಯದನ್ನು ಹಾಕಿದ್ದೆ. ಎಡಗಡೆಯದು ನನ್ನ ಚಡ್ಡಿ ಜೇಬಿನಲ್ಲಿ ಬೆಚ್ಚಗಿತ್ತು.

ಹೇಗೋ ಹತ್ತಿರದ ಮರಳಿಗೆ ಹತ್ತಿಸಿದೆವು. ಮೂತಿ ಎತ್ತಿ ಹಿಡಿದರೆ ಹಿಂದಿನಿಂದ ಹಸು ಉಚ್ಚೆ ಹೊಯ್ದ ಹಾಗೆ ಅರ್ಧ ಗಂಟೆ ನೀರು ಬಂತು. ಮುಚ್ಚಳ ತೆಗೆದು ಕೈ ಹಾಕಿದೆ. ಹುರಿಹಿಟ್ಟು ಗಾರೆಯಾಗಿತ್ತು. ರೊಟ್ಟಿ ಚೂರುಗಳು ತೇಲುತ್ತಿದ್ದವು. ಅವಲಕ್ಕಿಯ ಜಿಪ್ ಚೀಲಕ್ಕೂ ನೀರು ನುಗ್ಗಿ, ಹುಣಸೆ, ಬೆಲ್ಲ, ಸಾರಿನಪುಡಿ ಎಲ್ಲ ಹೀರಿಕೊಂಡು ಹದವಾಗಿ ನೆಂದು ಕೂತಿತ್ತು. ಮನೆಯಲ್ಲಿ ನೆನೆಸಿದರೂ ಇಷ್ಟು ಉದುರುದುರಾಗಿ ಬರಲ್ಲ.

ಗೆಳೆಯ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡ. ಸ್ವಲ್ಪ ಹೊತ್ತು ಸಮುದ್ರ ನೋಡಿದ.

"ಉಪ್ಪು ಜಾಸ್ತಿಯಾಯ್ತು. ನಿಂಬೆಹಣ್ಣು ಎಲ್ಲಿಟ್ಟೆ?"

ಬಲಗಡೆ ಒಡಲಿನಲ್ಲಿತ್ತು. ಒಣಗಿಕೊಂಡು.