ಬಿರುಕು ಹುಡುಕುವ ತಿಂಗಳು

ಮಗ ಗ್ಯಾರೇಜಿನ ಗೋಡೆ ಮುಂದೆ ಮಂಡಿಯೂರಿ ಕೂತು ಬಿರುಕಿನ ಫೋಟೋ ತೆಗೆಯುತ್ತಿದ್ದ. ಸೊಸೆ ಪಕ್ಕದಲ್ಲಿ ಸ್ಕೇಲ್ ಹಿಡಿದುಕೊಂಡಿದ್ದಳು, ಅಗಲ ಸರಿಯಾಗಿ ಕಾಣಲಿ ಅಂತ. "ಇನ್ಷೂರೆನ್ಸಿಗಾ?" ಅಂದೆ. "ಇಲ್ಲಪ್ಪ, ಪ್ರೊಟೆಸ್ಟ್‌ಗೆ" ಅಂದ.

ನಮಗೆ ಪ್ರೊಟೆಸ್ಟ್ ಅಂದರೆ ಫ್ರೀಡಂ ಪಾರ್ಕು, ಶಾಮಿಯಾನ, ಮಧ್ಯಾಹ್ನಕ್ಕೆ ಚಿತ್ರಾನ್ನದ ಪೊಟ್ಟಣ. ಟೆಕ್ಸಸ್‌ನಲ್ಲಿ ಪ್ರೊಟೆಸ್ಟ್ ಅಂದರೆ ನಿಮ್ಮ ಮನೆಗೆ ಅಷ್ಟೊಂದು ಬೆಲೆ ಇಲ್ಲ ಅಂತ ನೀವೇ ಹೋಗಿ ಸಾಬೀತು ಮಾಡುವುದು. ಏಪ್ರಿಲ್‌ನಲ್ಲಿ ಅಪ್ರೈಸಲ್ ನೋಟಿಸ್, ಅಂದರೆ ತೆರಿಗೆ ಹಾಕಲು ನಿಮ್ಮ ಮನೆಗೆ ಕಟ್ಟಿದ ಬೆಲೆಯ ಚೀಟಿ ಬರುತ್ತದೆ, ಮೇ 15ರ ಹೊತ್ತಿಗೆ ತಕರಾರು ಹಾಕಬೇಕು. ವರ್ಷವಿಡೀ ಗೃಹಪ್ರವೇಶದ ಆಲ್ಬಂ ತೋರಿಸಿ "ತೊಗೊಂಡಾಗಿಂದ ಡಬಲ್ ಆಗಿದೆ ಅಂಕಲ್" ಅನ್ನುವವರು, ಮೇ ಬಂತೆಂದರೆ ಹಾಳು ಹಂಪೆಯಲ್ಲಿ ವಾಸಿಸುವವರ ಮುಖ ಮಾಡುತ್ತಾರೆ. ನಮ್ಮ ಬೀದಿಯ ಒಬ್ಬ ಆಂಧ್ರದ ಹುಡುಗ ಹಿತ್ತಲಿನ ಬೇಲಿಯಾಚೆ ಹೈವೇ ಸದ್ದು ಎಷ್ಟಿದೆ ಅಂತ ರೆಕಾರ್ಡ್ ಮಾಡಿಕೊಂಡು ಹೋಗಿದ್ದನಂತೆ. ಕೊಂಡಾಗ ಅದೇ ಹೈವೇ "ಒಳ್ಳೇ ಕನೆಕ್ಟಿವಿಟಿ" ಆಗಿತ್ತು.

ಟೆಕ್ಸಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ. ಎಲ್ಲರೂ ಅದನ್ನೇ ಹೇಳಿಕೊಂಡು ಇಲ್ಲಿಗೆ ಬಂದಿದ್ದಾರೆ. ಆದರೆ ಶಾಲೆ ನಡೆಯಬೇಕಲ್ಲ? ಅದಕ್ಕೆ ಮನೆಯ ಮೇಲೆ ತೆರಿಗೆ. ಆಸ್ತಿ ತೆರಿಗೆ ಬಿಲ್‌ನಲ್ಲಿ ದೊಡ್ಡ ಪಾಲು ಸ್ಕೂಲ್ ಡಿಸ್ಟ್ರಿಕ್ಟಿನದು. ಡಿಸ್ಟ್ರಿಕ್ಟ್ ಅಂದರೆ ನಮ್ಮ ಜಿಲ್ಲೆ ಅಲ್ಲ, ಶಾಲೆಗಳಿಗೆಂದೇ ಇರುವ ಒಂದು ಪುಟ್ಟ ಸಂಸ್ಥಾನ. ಅದಕ್ಕೊಂದು ಆಯ್ಕೆಯಾದ ಬೋರ್ಡು, ಒಂದು ತೆರಿಗೆ ದರ, ಒಂದು ಗಡಿ. ಗಡಿಯ ಈಚೆ ಮನೆ, ಆಚೆ ಮನೆ ನೋಡಲು ಅವಳಿ ಜವಳಿ. ರೇಟು ಮಾತ್ರ ಬೇರೆ. ನಮ್ಮವರು ಮನೆ ನೋಡಲು ಹೋದರೆ ಪೂರ್ವದ ಬಾಗಿಲು ಆಮೇಲೆ, ಮೊದಲು ಸ್ಕೂಲ್ ಝೋನ್. ಬೆಲೆ ಜಾಸ್ತಿ ಇದ್ದಲ್ಲಿ ತೆರಿಗೆ ಜಾಸ್ತಿ, ತೆರಿಗೆ ಜಾಸ್ತಿ ಇದ್ದಲ್ಲಿ ಶಾಲೆ ಚೆಂದ, ಶಾಲೆ ಚೆಂದ ಇದ್ದಲ್ಲಿ ಬೆಲೆ ಇನ್ನೂ ಜಾಸ್ತಿ. ಲಕ್ಷ್ಮಿ ಇದ್ದಲ್ಲಿ ಸರಸ್ವತಿ ನಿಲ್ಲುವುದಿಲ್ಲ ಅಂತ ನಮ್ಮ ಅಜ್ಜಿ ಹೇಳುತ್ತಿದ್ದಳು. ಪಾಪ, ಅಮೆರಿಕ ನೋಡಿರಲಿಲ್ಲ. ಇಲ್ಲಿ ಇಬ್ಬರಿಗೂ ಒಂದೇ ಪಿನ್‌ಕೋಡ್.

ಬಿರುಕಿನ ಮಾತು ಬಂತಲ್ಲ, ಒಂದು ಸ್ಟೇಡಿಯಂ ಕಥೆ ಹೇಳಿಬಿಡುತ್ತೇನೆ. ಡಾಲಸ್ ಹತ್ತಿರ ಆಲೆನ್ ಅಂತ ಊರು. ಅಲ್ಲಿನ ಜನ 2009ರಲ್ಲಿ ಓಟು ಹಾಕಿ, ಸಾಲ ಎತ್ತಿ, ಹೈಸ್ಕೂಲು ಹುಡುಗರ ಫುಟ್ಬಾಲಿಗೆ ಸುಮಾರು 6 ಕೋಟಿ ಡಾಲರ್ ಖರ್ಚಿನ ಸ್ಟೇಡಿಯಂ ಕಟ್ಟಿಸಿಕೊಂಡರು. 18,000 ಸೀಟು. 2012ರಲ್ಲಿ ಉದ್ಘಾಟನೆ. 2014ರಲ್ಲಿ ಬಾಗಿಲು ಬಂದ್. ಯಾಕೆ? ಕಾಂಕ್ರೀಟಿನಲ್ಲಿ ಬಿರುಕು! ನಮ್ಮ ಫ್ಲೈಓವರ್ ಕಂಟ್ರಾಕ್ಟರುಗಳೇನಾದರೂ ಬಂದಿದ್ದರೋ ಅಂತ ನನಗೆ ಅನುಮಾನ. ರಿಪೇರಿ ಮುಗಿದಿದ್ದು 2015ರಲ್ಲಿ. ಇದನ್ನೆಲ್ಲ ಕಣ್ಣಾರೆ ಕಂಡ ಪಕ್ಕದ ಮೆಕಿನಿ ಊರಿನವರು ಏನು ಮಾಡಿದರು? ಮರುವರ್ಷವೇ ಓಟು ಹಾಕಿ ಇನ್ನೂ ದುಬಾರಿ ಸ್ಟೇಡಿಯಂ ಮಂಜೂರು ಮಾಡಿಕೊಂಡರು. ಅದರಲ್ಲಿ ಉದ್ಘಾಟನೆಗೆ ಮೊದಲೇ ಬಿರುಕು ಕಾಣಿಸಿತು. ಪ್ರಗತಿ ಅಂದರೆ ಇದು.

ಕಾನೂನಿನ ಚಮತ್ಕಾರ ನೋಡಿ. ಸಿರಿವಂತ ಡಿಸ್ಟ್ರಿಕ್ಟುಗಳ ತೆರಿಗೆಯಲ್ಲಿ ಒಂದು ಮಿತಿ ದಾಟಿದ್ದನ್ನು ಬಡ ಶಾಲೆಗಳಿಗಾಗಿ ರಾಜ್ಯ ಕಿತ್ತುಕೊಳ್ಳುತ್ತದೆ. 1993ರ ಕಾಯ್ದೆ, ಜನ ಇಟ್ಟ ಹೆಸರು ರಾಬಿನ್ ಹುಡ್. ಆದರೆ ಕಿತ್ತುಕೊಳ್ಳುವುದು ಮೇಷ್ಟ್ರ ಸಂಬಳ, ಕರೆಂಟು, ಬಸ್ಸು ಮುಂತಾದ ದಿನದ ಖರ್ಚಿನ ತೆರಿಗೆಯನ್ನು. ಕಟ್ಟಡದ ಸಾಲ ತೀರಿಸಲು ಹಾಕುವ ತೆರಿಗೆಯನ್ನು ರಾಬಿನ್ ಹುಡ್ ಮುಟ್ಟುವಂತಿಲ್ಲ. ಅಂದರೆ ಗಣಿತದ ಮೇಡಂಗೆ ಸಂಬಳ ಜಾಸ್ತಿ ಮಾಡಲು ಹೋದರೆ ದುಡ್ಡಿನಲ್ಲಿ ಪಾಲು ಕೊಡಬೇಕು. ಸ್ಟೇಡಿಯಮ್ಮಿಗೆ ದೊಡ್ಡ ಪರದೆ ಹಾಕಿಸಿದರೆ ಪೂರ್ತಿ ನಿಮ್ಮದೇ.

ಈ ರಾಬಿನ್ ಹುಡ್ ಸುಮ್ನೆ ಹುಟ್ಟಲಿಲ್ಲ. ಸ್ಯಾನ್ ಆಂಟೋನಿಯೋದಲ್ಲಿ ಎಜ್‌ವುಡ್ ಮತ್ತು ಅಲಾಮೋ ಹೈಟ್ಸ್ ಅಂತ ಎರಡು ಡಿಸ್ಟ್ರಿಕ್ಟುಗಳು. ಒಂದೇ ನಗರದಲ್ಲಿ. ಎಜ್‌ವುಡ್ ಮೆಕ್ಸಿಕನ್ ಮೂಲದ ಕೂಲಿಕಾರರ ಜಾಗ, ಇನ್ನೊಂದು ಸಾಹುಕಾರರದು. 1967–68ರ ಲೆಕ್ಕ ನೋಡಿ. ಎಜ್‌ವುಡ್‌ನ ಬಡವರು ನೂರು ಡಾಲರ್ ಆಸ್ತಿಗೆ 1 ಡಾಲರ್ 5 ಸೆಂಟ್ ತೆರಿಗೆ ಹಾಕಿಕೊಂಡಿದ್ದರು. ಇಡೀ ನಗರದಲ್ಲಿ ಅದೇ ಅತಿ ಹೆಚ್ಚಿನ ದರ. ಸಾಹುಕಾರರದು 85 ಸೆಂಟ್. ಇಷ್ಟಾಗಿ ಆ ತೆರಿಗೆಯಿಂದ ಶಾಲೆಗೆ ಸಿಕ್ಕಿದ್ದೆಷ್ಟು? ಎಜ್‌ವುಡ್‌ನಲ್ಲಿ ಮಗುವಿಗೆ 26 ಡಾಲರ್. ಅಲಾಮೋ ಹೈಟ್ಸ್‌ನಲ್ಲಿ 333. ಹೊಟ್ಟೆ ಕಟ್ಟಿ ಜಾಸ್ತಿ ದರ ತೆತ್ತರೂ ಮುರುಕು ಮನೆಗಳ ಬೆಲೆಯಿಂದ ಹುಟ್ಟಿದ್ದು ಅಷ್ಟೇ.

ಡೆಮೆಟ್ರಿಯೋ ರಾಡ್ರಿಗಸ್ ಅನ್ನುವ ತಗಡಿನ ಕೆಲಸದ ಮನುಷ್ಯ ಕೋರ್ಟಿಗೆ ಹೋದ. ಕೇಸು ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1973ರಲ್ಲಿ 5–4ರ ತೀರ್ಪು: ಶಿಕ್ಷಣ ಅಮೆರಿಕದ ಸಂವಿಧಾನ ಕೊಟ್ಟ ಮೂಲಭೂತ ಹಕ್ಕಲ್ಲ, ಈ ಪದ್ಧತಿ ಇರಬಹುದು. ಒಂದು ಓಟು ಆಚೀಚೆ ಆಗಿದ್ದರೆ! ಆಮೇಲೆ ಟೆಕ್ಸಸ್ ರಾಜ್ಯದ್ದೇ ಸುಪ್ರೀಂ ಕೋರ್ಟು ಎಜ್‌ವುಡ್ ಪರ ತೀರ್ಪು ಕೊಟ್ಟಿದ್ದು 1989ರಲ್ಲಿ. ರಾಬಿನ್ ಹುಡ್ ಬಂದಿದ್ದು ಅದರ ಬೆನ್ನಿಗೆ. ಅಷ್ಟರಲ್ಲಿ ರಾಡ್ರಿಗಸ್‌ನ ಮಕ್ಕಳು ಬೆಳೆದು ದೊಡ್ಡವರಾಗಿದ್ದರು.

ಓಹಾಯೋ ಅಂತ ಇನ್ನೊಂದು ರಾಜ್ಯದ ಕಥೆ ಕೇಳಿ. ಅಲ್ಲಿನ ಸುಪ್ರೀಂ ಕೋರ್ಟು 1997ರಲ್ಲೇ, ಆಸ್ತಿ ತೆರಿಗೆಗೆ ಜೋತುಬಿದ್ದ ಈ ಶಾಲೆ ಲೆಕ್ಕ ಸಂವಿಧಾನಕ್ಕೆ ವಿರುದ್ಧ ಅಂದಿತ್ತು. ಒಂದೇ ಸಲ ಅಲ್ಲ, 2000 ಮತ್ತು 2002ರಲ್ಲೂ ಹಾಗೇ ಹೇಳಿತು. ಯಾರೂ ಜೈಲಿಗೆ ಹೋಗಲಿಲ್ಲ. 2011ರಲ್ಲಿ ಅದೇ ಓಹಾಯೋದ ಆಕ್ರನ್ನಿನ ಒಬ್ಬ ತಾಯಿ, ತನ್ನ ಅಪ್ಪನ ಮನೆ ವಿಳಾಸ ಕೊಟ್ಟು ಇಬ್ಬರು ಹೆಣ್ಣುಮಕ್ಕಳನ್ನು ಪಕ್ಕದ ಡಿಸ್ಟ್ರಿಕ್ಟಿನ ಶಾಲೆಗೆ ಕಳಿಸಿದ್ದಕ್ಕೆ ಜೈಲಿಗೆ ಹೋದಳು. ಒಂಬತ್ತು ದಿನ. ಆ ಡಿಸ್ಟ್ರಿಕ್ಟು ಅವಳ ಹಿಂದೆ ಪತ್ತೇದಾರನನ್ನು ಬಿಟ್ಟಿತ್ತು, ಮಕ್ಕಳನ್ನು ಬಿಡಲು ಬರುವುದನ್ನು ವಿಡಿಯೋ ಮಾಡಿಸಿತ್ತು. ಅಲ್ಲ, ಏನು ಕದ್ದಳು ಆ ಹೆಂಗಸು? ಮಗ್ಗಿಯಾ? ಕಾಗುಣಿತವಾ? ಅಜ್ಜನ ಮನೆಯಿಂದ ಮೊಮ್ಮಕ್ಕಳು ಸ್ಕೂಲಿಗೆ ಹೋಗುವುದು ಯಾವ ಊರಿನಲ್ಲಿ ಅಪರಾಧ? ನನಗಂತೂ ಇದನ್ನು ತಮಾಷೆ ಮಾಡಿ ಸಾಕಾಗಿದೆ.

ನಾವೇನು ಸಾಚಾಗಳಲ್ಲ ಬಿಡಿ. ಬೆಂಗಳೂರಿನಲ್ಲಿ ಆರ್‌ಟಿಇ ಸೀಟಿಗಾಗಿ ಎಂತೆಂಥಾ ಬಾಡಿಗೆ ಕರಾರು ಹುಟ್ಟಿಕೊಂಡವು ಅಂತ ನೋಡಿದ್ದೇವೆ. ನಮ್ಮ ಆಸ್ತಿ ತೆರಿಗೆಯ ಮೇಲೂ ಗ್ರಂಥಾಲಯಕ್ಕೆಂದು 6%, ಭಿಕ್ಷುಕರಿಗೆಂದು 3% ಸೆಸ್ ಬೀಳುತ್ತದೆ. ನಮ್ಮ ಬೀದಿಯಲ್ಲಿ ಗ್ರಂಥಾಲಯ ಕಾಣಿಸಿಲ್ಲ. ಭಿಕ್ಷುಕರು ಇದ್ದಾರೆ.

ಮಗನ ಹಿಯರಿಂಗ್ ಹತ್ತೇ ನಿಮಿಷಕ್ಕೆ ಮುಗಿಯಿತು. ಬಿರುಕಿನ ಫೋಟೋ ನೋಡಿದವರು ತಲೆಯಾಡಿಸಿ ಬೆಲೆಯನ್ನು ಸ್ವಲ್ಪ ಇಳಿಸಿದರಂತೆ. ಖುಷಿಗೆ ಬರುವಾಗ ಜಿಲೇಬಿ ತಂದ. ಶನಿವಾರ ಸತ್ಯನಾರಾಯಣ ಪೂಜೆ. ಬಂದವರಲ್ಲಿ ಹೊಸದಾಗಿ ಮನೆ ಹುಡುಕುತ್ತಿದ್ದ ಮೈಸೂರಿನ ದಂಪತಿ ಇದ್ದರು. ಸೊಸೆ ಬೆಳಗ್ಗೆಯೇ ದೊಡ್ಡ ತುಳಸಿ ಕುಂಡವನ್ನು ಎಳೆದು ತಂದು ಗ್ಯಾರೇಜಿನ ಬಿರುಕಿಗೆ ಅಡ್ಡ ಇಟ್ಟಿದ್ದಳು. ಮಗ ಪ್ರಸಾದ ಕೊಡುತ್ತಾ ಅವರಿಗೆ ಹೇಳುತ್ತಿದ್ದ: "ಕಣ್ಣು ಮುಚ್ಚಿಕೊಂಡು ಈ ಝೋನ್‌ನಲ್ಲೇ ತೊಗೊಳ್ಳಿ ಸಾರ್. ಇಲ್ಲಿ ಬೆಲೆ ಇಳಿಯೋ ಮಾತೇ ಇಲ್ಲ."