ಆಲೂಗಡ್ಡೆ ಸಿನಿಮಾಗಳು

ನಾನು ನೋಡುವ ಸಿನಿಮಾಗಳಿಗೆ ನಮ್ಮ ಮನೆಯಲ್ಲಿ 'ಆಲೂಗಡ್ಡೆ ಸಿನಿಮಾ' ಅಂತ ಹೆಸರು. ಹೆಸರಿಟ್ಟವರು ಭಾವ. ಅದಕ್ಕೆ ಕಾರಣ ಹಂಗೇರಿಯ ಬೇಲಾ ತಾರ್ 2011ರಲ್ಲಿ ಮಾಡಿದ 'ದಿ ಟ್ಯೂರಿನ್ ಹಾರ್ಸ್'. ಕಪ್ಪು ಬಿಳುಪು, ಸುಮಾರು ಎರಡೂವರೆ ಗಂಟೆ. ಇಡೀ ಚಿತ್ರಕ್ಕೆ ಇರುವುದು 30ರ ಆಸುಪಾಸು ಶಾಟ್, ಅಂದರೆ ನಡುವೆ ಎಲ್ಲೂ ಕತ್ತರಿಸದ ತುಣುಕು. ನಮ್ಮ ಕಡೆ ಹೀರೋ ಕಾರಿನಿಂದ ಕಾಲು ಕೆಳಗಿಡುವಷ್ಟರಲ್ಲೇ ಅಷ್ಟು ಮುಗಿದಿರುತ್ತವೆ.

ಭಾವ ಅವತ್ತು ನನ್ನ ಜೊತೆ ಬಂದದ್ದು ಕಲೆಯ ಮೇಲಿನ ಪ್ರೀತಿಯಿಂದಲ್ಲ. ಫಿಲ್ಮ್ ಸೊಸೈಟಿಯಲ್ಲಿ ಹಾಕುವ ಫಾರಿನ್ ಪಿಕ್ಚರ್‌ಗೆ ಸೆನ್ಸಾರ್ ಇರುವುದಿಲ್ಲ ಅಂತ ಯಾರೋ ಅವರ ಕಿವಿಯಲ್ಲಿ ಊದಿದ್ದರು. ಇಸ್ತ್ರಿ ಮಾಡಿದ ಷರ್ಟ್ ಹಾಕಿಕೊಂಡು, ಅಕ್ಕನಿಗೆ 'ಏನೋ ಅವಾರ್ಡ್ ಪಿಕ್ಚರಂತೆ' ಅಂತ ಹೇಳಿ ಹೊರಟರು. ಅದೇನೂ ಸುಳ್ಳಲ್ಲ. ಬರ್ಲಿನ್ ಚಿತ್ರೋತ್ಸವದಲ್ಲಿ ಬೆಳ್ಳಿ ಕರಡಿ ಗೆದ್ದ ಚಿತ್ರ ಅದು.

ಬಟ್ಟೆ ಬಿಚ್ಚುವ ದೃಶ್ಯ ಇದ್ದದ್ದೂ ನಿಜ. ಒಂದು ಕೈ ಸ್ವಾಧೀನವಿಲ್ಲದ ಮುದುಕ. ಅವನ ಬೂಟು, ಕೋಟು, ಪ್ಯಾಂಟು ಎಲ್ಲವನ್ನೂ ಮಗಳು ಬಿಚ್ಚಿ ಬೇರೆ ತೊಡಿಸುತ್ತಾಳೆ. ದಿನಾ ತೊಡಿಸುತ್ತಾಳೆ. ಆಮೇಲೆ ಆಲೂಗಡ್ಡೆ ಬೇಯಿಸುತ್ತಾಳೆ. ಅಪ್ಪನಿಗೊಂದು, ಮಗಳಿಗೊಂದು. ಅವನು ಹಬೆಯಾಡುವ ಗಡ್ಡೆಯನ್ನು ಒಂದೇ ಕೈಯಲ್ಲಿ ಸುಲಿದು, ಉಪ್ಪು ಉದುರಿಸಿ ಗಬಗಬ ತಿನ್ನುತ್ತಾನೆ. ಹೊರಗೆ ಗಾಳಿ ಬೀಸುತ್ತಲೇ ಇರುತ್ತದೆ. ಮರುದಿನವೂ ಅದೇ ಗಾಳಿ, ಅದೇ ಗಡ್ಡೆ.

"ಒಂಚೂರು ಚಟ್ನಿಪುಡಿನಾದ್ರೂ ಇಲ್ವೇನೋ ಈ ಮನೇಲಿ?" ಅಂತ ಭಾವ ಪಿಸುಗುಟ್ಟಿದರು. ಭಾವನ ಪಿಸುಮಾತು ಸಾಮಾನ್ಯವಾಗಿ ಎರಡು ಸಾಲು ಹಿಂದಕ್ಕೂ ಕೇಳಿಸುತ್ತದೆ. 'ಶ್' ಅಂತ ಬಂತು.

ಭಾವ ಇನ್ನೇನು ನಿದ್ದೆ ಹೋಗುತ್ತಾರೆ ಅಂದುಕೊಂಡೆ. ಆದರೆ ಗಾಡಿ ಎಳೆಯಲು ಒಲ್ಲೆ ಅಂದಿದ್ದ ಕುದುರೆ ಮೇವು ಮುಟ್ಟದೇ ಹೋಯಿತು ನೋಡಿ, ಅವರು ನೆಟ್ಟಗೆ ಕೂತರು. ಸಾಗರದ ಕಡೆ ಕೊಟ್ಟಿಗೆ ತುಂಬ ದನ ಇದ್ದ ಮನೆಯಲ್ಲಿ ಬೆಳೆದವರು. ಅಲ್ಲಿಂದಾಚೆ ಅವರಿಗೆ ಸಬ್‌ಟೈಟಲ್ಲೂ ಬೇಕಾಗಲಿಲ್ಲ, ನಾನೂ ಬೇಕಾಗಲಿಲ್ಲ. ಕುದುರೆ ನೀರನ್ನೂ ಬಿಟ್ಟಾಗ "ಮುಗೀತು, ಇನ್ನು ಇದು ಗಾಡಿ ಎಳೆಯಲ್ಲ" ಅಂದರು. ಈ ಸಲ ಯಾರೂ ಶ್ ಅನ್ನಲಿಲ್ಲ.

ಸಿನಿಮಾ ಆದ ಮೇಲೆ ಚರ್ಚೆ ಇತ್ತು. ಚಿತ್ರ ಶುರುವಾಗುವುದೇ ಜರ್ಮನ್ ತತ್ವಜ್ಞಾನಿ ನೀತ್ಸೆಯಿಂದ. 1889ರಲ್ಲಿ ಇಟಲಿಯ ಟ್ಯೂರಿನ್‌ನಲ್ಲಿ ಆತ ಏಟು ತಿನ್ನುತ್ತಿದ್ದ ಕುದುರೆಯ ಕೊರಳು ತಬ್ಬಿಕೊಂಡ ಅನ್ನುವ ಪ್ರಸಿದ್ಧ ಕಥೆ ಅದು. ಹಾಗಾಗಿ ಒಬ್ಬರು ಎದ್ದು ನೀತ್ಸೆಯನ್ನು ಹಿಡಿದುಕೊಂಡರು, ಬಿಡಲೇ ಇಲ್ಲ. ಅವರು ಉಸಿರು ತೆಗೆದುಕೊಳ್ಳುವ ಗ್ಯಾಪಲ್ಲಿ ಭಾವ ಕೈಯೆತ್ತಿದರು. "ಆ ಕುದುರೆ ಹಲ್ಲು ಯಾರಾದ್ರೂ ನೋಡಿದ್ರಾ? ಹಲ್ಲು ಸವೆದ್ರೂ ಮೇವು ಬಿಡ್ತವೆ."

ಯಾರ ಹತ್ತಿರವೂ ಉತ್ತರ ಇರಲಿಲ್ಲ. ನನಗೆ ಆಗ ನಾಚಿಕೆ ಆಯಿತು, ಈಗ ಹೆಮ್ಮೆ ಅನಿಸುತ್ತದೆ. ಅವರಿಗಂತೂ ಏನೂ ಅನಿಸಲಿಲ್ಲ. "ನಮ್ಮಪ್ಪ ಹೆಗ್ಗೋಡಲ್ಲಿ 'ಬೈಸಿಕಲ್ ಥೀವ್ಸ್' ನೋಡ್ದೋರು ಮಾರಾಯ, ನಂಗೇನು ಇದೆಲ್ಲ ಹೊಸತಾ?" ಅಂದರು. ಆ ಮಾತಲ್ಲಿ ಹುರುಳಿದೆ. ಹೆಗ್ಗೋಡಿನ ನೀನಾಸಂ ಸಂಸ್ಥೆಯವರು 1970ರ ದಶಕದಲ್ಲೇ ಇಟಲಿಯ ಡಿ ಸಿಕಾ, ಜಪಾನಿನ ಕುರೋಸಾವರ ಸಿನಿಮಾಗಳನ್ನು ಹಳ್ಳಿಯ ಜನಕ್ಕೆ ತೋರಿಸಿದ್ದರು. ತೋಟದ ಕೆಲಸ ಮುಗಿಸಿ ಬಂದು 'ರಾಶೋಮನ್' ನೋಡಿದ ಊರದು.

ಇನ್ನು ಸಬ್‌ಟೈಟಲ್ ವಿಷಯ. ಅದು ಬರುವುದು ಪರದೆಯ ಬುಡದಲ್ಲಿ, ಮುಂದಿನ ಸೀಟಿನವರ ತಲೆ ಇರುವುದೂ ಅಲ್ಲೇ. ಚಿತ್ರೋತ್ಸವಗಳಲ್ಲಿ ನಾನು ಎಷ್ಟೋ ಸಿನಿಮಾಗಳ ಎಡಗಡೆಯ ಅರ್ಧ ಡೈಲಾಗ್ ಮಾತ್ರ ಓದಿದ್ದೇನೆ. ಮನೆಯಲ್ಲಿ ಬೇರೆ ಕಷ್ಟ. ಕನ್ನಡ ಸಿನಿಮಾ ಆದರೆ ಅಮ್ಮ ಕಿವಿಯಲ್ಲೇ ನೋಡಿ ಮುಗಿಸುತ್ತಾರೆ, ಕೈ ತನ್ನ ಪಾಡಿಗೆ ಸೊಪ್ಪು ಬಿಡಿಸುತ್ತಿರುತ್ತದೆ. ಇದಕ್ಕೆ ಹಾಗಾಗಲ್ಲ. ಜೊತೆಗೆ ಇಂಗ್ಲಿಷ್ ಓದಲು ನಾನೇ ಬೇಕು.

ಅದಕ್ಕೇ ಮಾತು ಕಡಿಮೆ ಇರುವ ಚಿತ್ರ ಹುಡುಕಿದೆ. 'ಜಾನ್ ಡಿಲ್ಮನ್'. ಬೆಲ್ಜಿಯಂನ ಶಾಂತಾಲ್ ಅಕರ್‌ಮನ್ 25ನೇ ವಯಸ್ಸಿನಲ್ಲಿ ಮಾಡಿದ್ದು, 1975ರದ್ದು. 'ಸೈಟ್ ಅಂಡ್ ಸೌಂಡ್' ಪತ್ರಿಕೆ 2022ರಲ್ಲಿ ವಿಮರ್ಶಕರನ್ನು ಕೇಳಿದಾಗ ಜಗತ್ತಿನ ಅತ್ಯುತ್ತಮ ಚಿತ್ರ ಅಂತ ಮೊದಲ ಸ್ಥಾನ ಸಿಕ್ಕಿದ್ದು ಇದಕ್ಕೇ. ಮೂರು ಗಂಟೆ ಇಪ್ಪತ್ತು ನಿಮಿಷ ಒಬ್ಬ ವಿಧವೆ ಮನೆಗೆಲಸ ಮಾಡುತ್ತಾಳೆ. ಅವರೆಕಾಯಿ ಕಾಲ. ಅಮ್ಮ ನೆನೆಸಿದ ಕಾಳಿನ ಪಾತ್ರೆ ಮಡಿಲಲ್ಲಿಟ್ಟುಕೊಂಡು ಹಿತುಕುತ್ತಾ ಕೂತರು. ಅಲ್ಲಿ ಆಕೆ ಆಲೂಗಡ್ಡೆ ಸುಲಿಯುತ್ತಿದ್ದಳು.

ನಾನು ಮರೆತಿದ್ದ ಒಂದು ಸಂಗತಿ ಇತ್ತು. ಆಕೆಯ ಮನೆಗೆ ಮಧ್ಯಾಹ್ನಕ್ಕೊಬ್ಬ ಗಂಡಸು ಬರುತ್ತಾನೆ. ಇಬ್ಬರೂ ರೂಮಿಗೆ ಹೋಗುತ್ತಾರೆ, ಬಾಗಿಲು ಹಾಕಿಕೊಳ್ಳುತ್ತದೆ. ಹೋಗುವಾಗ ದುಡ್ಡು ಕೊಡುತ್ತಾನೆ, ಅದನ್ನು ಆಕೆ ಊಟದ ಮೇಜಿನ ಮೇಲಿನ ಪಿಂಗಾಣಿ ಪಾತ್ರೆಗೆ ಹಾಕಿ ಮುಚ್ಚುತ್ತಾಳೆ.

"ಯಾರೋ ಅದು?"

"ಟ್ಯೂಷನ್‌ಗೆ ಬರೋರಮ್ಮ" ಅಂದೆ. ಬಾಯಿಗೆ ಅದೇ ಬಂತು.

"ಈ ವಯಸ್ಸಲ್ಲಾ?"

"ಫ್ರೆಂಚ್ ಕಲಿಯೋಕೆ."

ಅಮ್ಮ ಕಾಳು ಹಿತುಕಿದರು. ಎರಡನೇ ದಿನದ ಗಿರಾಕಿ ಹೋದ ಮೇಲೆ ಆಲೂಗಡ್ಡೆ ಜಾಸ್ತಿ ಬೆಂದುಹೋಗುತ್ತದೆ. ಪಾತ್ರೆ ಹಿಡಿದುಕೊಂಡು ಏನು ಮಾಡಬೇಕೆಂದು ತೋಚದೆ ಆಕೆ ಮನೆಯೆಲ್ಲಾ ಓಡಾಡುತ್ತಾಳೆ. ವಿಮರ್ಶಕರು ಪುಟಗಟ್ಟಲೆ ಬರೆದಿರುವ ಘಳಿಗೆ ಇದು. ನಾನು ವಿವರಿಸಬೇಕು ಅಂತ ಬಾಯಿ ತೆಗೆದೆ. ಅಷ್ಟರಲ್ಲಿ ಅಮ್ಮನ ಕೈ ನಿಂತಿತ್ತು. "ಇವಳಿಗೆ ಏನೋ ಆಗಿದೆ. ಕೂದಲೂ ಬಾಚ್ಕೊಂಡಿಲ್ಲ ನೋಡು."

ಮೂರನೇ ದಿನ ಕಾಫಿ ಕೆಡುತ್ತದೆ. ಆಕೆ ರುಚಿ ನೋಡುತ್ತಾಳೆ, ಚೆಲ್ಲುತ್ತಾಳೆ, ಮತ್ತೆ ಬೆರೆಸುತ್ತಾಳೆ, ಅದೂ ಸರಿಯಿಲ್ಲ. "ಫ್ಲಾಸ್ಕಲ್ಲಿ ಇಟ್ರೆ ಇನ್ನೇನಾಗತ್ತೆ, ಹೊಸದು ಮಾಡ್ಕೊಳ್ಳಮ್ಮ" ಅಂತ ಅಮ್ಮ ಟಿವಿಗೇ ಹೇಳಿದರು. ಬ್ರಸೆಲ್ಸ್‌ನಲ್ಲಿ ಆಕೆ ಎದ್ದು ಹೊಸ ಕಾಫಿಗೆ ಬೀಜ ಪುಡಿ ಮಾಡಿದಳು.

ಕೊನೆಯಲ್ಲಿ ಏನಾಗುತ್ತದೆ ಅಂತ ನಾನು ಹೇಳುವುದಿಲ್ಲ, ನೀವೇ ನೋಡಿ. ಮುಗಿದ ಮೇಲೆ ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ನಂತರ ಸಿಪ್ಪೆಯ ಮೊರ ಎತ್ತಿಕೊಂಡು ಅಡುಗೆಮನೆಗೆ ಹೊರಟವರು ಬಾಗಿಲಲ್ಲಿ ತಿರುಗಿದರು.

"ಆ ಟ್ಯೂಷನ್ ಏನು ಅಂತ ಮೊದಲನೇ ಗಂಡಸು ಬಂದಾಗಲೇ ಗೊತ್ತಾಯ್ತು ಕಣೋ. ನಿನಗೆ ಮುಜುಗರ ಆಗತ್ತಲ್ಲ ಅಂತ ಸುಮ್ನೆ ಇದ್ದೆ."