ಈಸ್ಟರ್ ಹಬ್ಬವನ್ನು ಒಂದೇ ತಾರೀಖಿಗೆ ಕಟ್ಟಬೇಡಿ

ಇಂಗ್ಲೆಂಡಿನಲ್ಲಿ ಹೊಸ ವರ್ಷ ಬಂತೆಂದರೆ ಆಫೀಸಿನಲ್ಲಿ ಗೊಣಗಾಟ ಶುರುವಾಗುತ್ತದೆ. ಈ ಸಲ ಈಸ್ಟರ್ ಯಾವಾಗ, ಅದಕ್ಕೊಂದು ತಾರೀಖು ಗಟ್ಟಿ ಮಾಡಬಾರದಾ ಅಂತ. 2024ರಲ್ಲಿ ಮಾರ್ಚ್ 31ಕ್ಕೆ ಬಂತು, 2025ರಲ್ಲಿ ಏಪ್ರಿಲ್ 20ಕ್ಕೆ. ಮಕ್ಕಳ ರಜೆ, ಊರಿಗೆ ಹೋಗುವ ಟಿಕೆಟ್ ಎಲ್ಲಾ ಅದರ ಮೇಲೆ ನಿಂತಿರುತ್ತದೆ, ಹಾಗಾಗಿ ಅವರ ಕಷ್ಟ ಸುಳ್ಳೇನಲ್ಲ. ಆದರೂ ನನಗೆ ಹಬ್ಬ ಹೀಗೆ ಹಿಂದೆ ಮುಂದೆ ಆಗುವುದೇ ಇಷ್ಟ.

ಲೆಕ್ಕ ಇಷ್ಟೇ. ಹಗಲು ರಾತ್ರಿ ಸಮ ಅಂತ ಚರ್ಚ್ ಇಟ್ಟುಕೊಂಡ ದಿನ ಮಾರ್ಚ್ 21. ಅವತ್ತು ಅಥವಾ ಅದಾದ ಮೇಲೆ ಬರುವ ಮೊದಲ ಹುಣ್ಣಿಮೆ ನೋಡಬೇಕು, ಆ ಹುಣ್ಣಿಮೆ ಆದ ಮೇಲೆ ಬರುವ ಮೊದಲ ಭಾನುವಾರವೇ ಈಸ್ಟರ್. 2025ರಲ್ಲಿ ಹುಣ್ಣಿಮೆ ಏಪ್ರಿಲ್ 13ರ ಭಾನುವಾರವೇ ಬಿದ್ದಿದ್ದರಿಂದ ಹಬ್ಬ ಮುಂದಿನ ವಾರಕ್ಕೆ ಹೋಯಿತು. ಅದೇ ಚಂದ್ರ ನಮಗೆ ದವನದ ಹುಣ್ಣಿಮೆ, ಅಲ್ವಾ? ಅದೇ ರಾತ್ರಿ ಬೆಂಗಳೂರಿನಲ್ಲಿ ಧರ್ಮರಾಯಸ್ವಾಮಿ ಗುಡಿಯಿಂದ ಕರಗ ಹೊರಟಿತು, ಕತ್ತಿ ಹಿಡಿದ ವೀರಕುಮಾರರು ಸುತ್ತ ಗೋವಿಂದಾ ಅನ್ನುತ್ತಾ, ಜನ ಮಲ್ಲಿಗೆ ಎರಚುತ್ತಾ ಬೆಳಗಿನವರೆಗೂ ಬೀದಿಯಲ್ಲೇ ಇದ್ದರು. ಇಲ್ಲಿ ಇಂಗ್ಲೆಂಡಿನಲ್ಲಿ ಈಸ್ಟರ್‌ಗೂ ಚಂದ್ರನಿಗೂ ನಂಟಿದೆ ಅಂದರೆ ಎಷ್ಟೋ ಜನ ಆಶ್ಚರ್ಯಪಡುತ್ತಾರೆ. ನಮ್ಮಲ್ಲಿ ಕಾಮನ ಹುಣ್ಣಿಮೆ, ಕಾರ ಹುಣ್ಣಿಮೆ, ಸೀಗಿ ಹುಣ್ಣಿಮೆ ಅಂತ ಹೆಸರು ಹಿಡಿದು ಕರೆಯುತ್ತೇವೆ, ಕಾರ ಹುಣ್ಣಿಮೆ ಅಂದರೆ ಎತ್ತಿನ ಕೊಂಬಿಗೆ ಬಣ್ಣ ಬಳಿಯುವ ದಿನ ಅಂತ ಹಳ್ಳಿ ಹುಡುಗರಿಗೂ ಗೊತ್ತು.

ಚರ್ಚಿನ ಹುಣ್ಣಿಮೆ ಆಕಾಶದ್ದಲ್ಲ, ಮೊದಲೇ ಲೆಕ್ಕ ಹಾಕಿಟ್ಟ ಕೋಷ್ಟಕದ್ದು. 2019ರಲ್ಲಿ ಇಲ್ಲಿ ಮಾರ್ಚ್ 20ರ ರಾತ್ರಿ ಹಗಲಿರುಳು ಸಮವಾಯಿತು, ನಾಲ್ಕು ಗಂಟೆಯೊಳಗೆ ಹುಣ್ಣಿಮೆಯೂ ಆಯಿತು. ಆಕಾಶ ನೋಡಿದ್ದರೆ ಈಸ್ಟರ್ ಮಾರ್ಚ್ 24. ಕೋಷ್ಟಕದ ಪ್ರಕಾರ ಬಂದಿದ್ದು ಏಪ್ರಿಲ್ 21! ಹಾಗಂತ ನಾವು ಜಾಸ್ತಿ ಬೀಗಬೇಕಿಲ್ಲ. ರೋಮಿನ ಪೋಪ್ 1582ರಲ್ಲಿ ಕ್ಯಾಲೆಂಡರಿನಿಂದ ಹತ್ತು ದಿನ ಕಿತ್ತುಹಾಕಿ ಸೂರ್ಯನನ್ನು ಮತ್ತೆ ಮಾರ್ಚ್ 21ರ ಹತ್ತಿರ ತಂದು ನಿಲ್ಲಿಸಿದರು. ಒಂದು ಕಾಲದಲ್ಲಿ ಹಗಲಿರುಳು ಸಮವಾಗುವ ದಿನಕ್ಕೇ ಹೊಂದುತ್ತಿದ್ದ ನಮ್ಮ ಮೇಷ ಸಂಕ್ರಾಂತಿ, ತುಳುನಾಡಿನ ಬಿಸು, ಈಗ ಮೂರು ವಾರಕ್ಕೂ ಮೀರಿ ಜಾರಿ ಏಪ್ರಿಲ್ 14ರ ಸುಮಾರಿಗೆ ಬಂದಿದೆ. ಸೂರ್ಯನ ವಿಷಯದಲ್ಲಿ ಅವರೇ ಸರಿ ಅನ್ನುತ್ತೇನೆ.

ಆದರೆ ಚಂದ್ರನನ್ನು ಬಿಡಬಾರದು. ಏಪ್ರಿಲ್ ಎರಡನೇ ಶನಿವಾರದ ಮರುದಿನವೇ ಈಸ್ಟರ್ ಅಂತ 1928ರಲ್ಲೇ ಬ್ರಿಟಿಷ್ ಸಂಸತ್ತು ಕಾನೂನು ಮಾಡಿದೆ, ಜಾರಿಗೆ ಮಾತ್ರ ಇನ್ನೂ ತಂದಿಲ್ಲ. ತರದೇ ಇರಲಿ. ರಜೆ ಬೇಕಾದರೆ ಶಾಲೆಗಳು ಬೇರೆ ಇಟ್ಟುಕೊಳ್ಳಲಿ, ಹಬ್ಬಕ್ಕೆ ಯಾಕೆ ಕೈ ಹಾಕಬೇಕು?